ಟೇಪು ಕಿತ್ತವಳು

ಬೀದಿಯವರ ಬಾಯಲ್ಲಿ ಅವಳು ಮೊಂಡಿ. ಮುಖ ಗಂಟಿಕ್ಕಿಕೊಂಡು ಬಂದವರನ್ನು ನಗಿಸದೆ ಫೋಟೋ ತೆಗೆದವಳಲ್ಲ. ಅಪ್ಪನ ಸ್ಟುಡಿಯೋ, ಅಪ್ಪನ ಕ್ಯಾಮೆರಾ, ಅಪ್ಪನ ಉದ್ದ ಮೂಗು ಎಲ್ಲವೂ ಅವಳ ಪಾಲಿಗೆ ಬಂದಿದ್ದವು. ಅಪ್ಪನ ಭಯವೊಂದನ್ನು ಮಾತ್ರ ಅವಳು ಬೇಡವೆಂದಿದ್ದಳು.

ಆ ಭಯಕ್ಕೂ ಒಂದು ಕತೆಯಿದೆ. ಹಿಂದೊಮ್ಮೆ ಅಪ್ಪ ಒಂದು ಮದುವೆಯ ಚಿತ್ರಗಳಿದ್ದ ಕಾರ್ಡನ್ನು ಕ್ಯಾಮೆರಾದಿಂದ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. ಅಂಗಿ ಮನೆ ಸೇರಿತು, ಕಾರ್ಡು ಸೇರಲಿಲ್ಲ. ಮದುಮಗಳ ತಾಯಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತು ಹೋದಳು. ಅಂದಿನಿಂದ ಕಾರ್ಡು ಕೂರುವ ಪುಟ್ಟ ಬಾಗಿಲಿಗೆ ಕಪ್ಪು ಟೇಪು ಬಿತ್ತು. ಚಿತ್ರಗಳೆಲ್ಲ ಕೇಬಲ್ಲಿನಲ್ಲೇ ಕಂಪ್ಯೂಟರಿಗೆ ಹೋಗಬೇಕು. ಕೇಬಲ್ಲೋ ಓಬೀರಾಯನ ಕಾಲದ್ದು. ಅದರ ನಡಿಗೆ ಕಂಡರೆ ಬಸವನಹುಳುವಿಗೂ ನಗು ಬರಬೇಕು. ಕಾರ್ಡನ್ನು ತೆಗೆದು ನೇರವಾಗಿ ಕಂಪ್ಯೂಟರಿಗೆ ಓದಿಸುವ ಕಾರ್ಡ್ ರೀಡರನ್ನು ಮಗಳು ತಂದಾಗ ಅಪ್ಪ ಅದನ್ನು ಮುಟ್ಟಲೂ ಇಲ್ಲ. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂದು ಗಾದೆ ಹೇಳಿ ಡ್ರಾಯರಿನ ಮೂಲೆಗೆ ತಳ್ಳಿಸಿದ.

ಹೀಗಿರಲು, ಪಕ್ಕದ ಬೀದಿಯ ನೂಲಿನ ಗಿರಣಿ ಮುಚ್ಚುವ ದಿನ ಬಂತು. ನೂಲು ತೆಗೆಯುವ ಹೆಂಗಸರು ಅವಳನ್ನು ಕರೆಸಿದರು. ಅವರಲ್ಲಿ ಹಿರಿಯಳು ಸೊಂಟಕ್ಕೆ ಕೈಯಿಟ್ಟು ಹೇಳಿದಳು: "ನಮ್ಮನ್ನ ಗುಡಿಸಿ ಹೊರಗೆ ಹಾಕ್ತಿದ್ದಾರೆ ಕಣಮ್ಮ. ಹಾಕ್ಲಿ. ಒಬ್ಬೊಬ್ಬರನ್ನೂ ಅವರವರ ಮೆಷಿನ್ ಪಕ್ಕ ನಿಲ್ಲಿಸಿ ಫೋಟೋ ತೆಗಿ. ಸಂಜೆ ಗೇಟು ದಾಟೋವಾಗ ಅದು ನಮ್ಮ ಕೈಲಿರಬೇಕು. ಬರಿಗೈಲಿ ಹೋಗಲ್ಲ ನಾವು."

ಮೊಂಡಿ ಮಾತು ಕೊಟ್ಟಳು. ಎಲ್ಲರ ಚಿತ್ರ ತೆಗೆದು ಓಡಿ ಬಂದು ಕೇಬಲ್ ಚುಚ್ಚಿದಳು. ಒಂದೊಂದು ಚಿತ್ರವೂ ಪರದೆಯ ಮೇಲೆ ಮುಖ ತೋರಿಸಿ, ಮೈಮುರಿದು, ಆಮೇಲೆ ಒಳಗೆ ಹೋಗುತ್ತಿತ್ತು. ಅರ್ಧಕ್ಕೂ ಬಂದಿರಲಿಲ್ಲ, ಕ್ಯಾಮೆರಾದ ಬ್ಯಾಟರಿ ಕಣ್ಣು ಮುಚ್ಚಿತು.

"ನಾಳೆ ಕೊಟ್ಟರಾಯ್ತು ಬಿಡೆ," ಎಂದ ಅಪ್ಪ, ಚಾರ್ಜರ್ ಹುಡುಕುತ್ತಾ.

"ನಾಳೆ ಯಾರಿರ್ತಾರೆ ಅಪ್ಪ? ಒಬ್ಬೊಬ್ಬರು ಒಂದೊಂದು ದಿಕ್ಕು." ಅವಳು ಟೇಪಿನ ತುದಿಗೆ ಉಗುರು ಹಾಕಿದಳು.

"ಏಯ್! ಅದನ್ನ ಮುಟ್ಟಿದ್ರೆ ನೋಡು!"

"ನೋಡು, ನೀನೇ ನೋಡು," ಎನ್ನುತ್ತಲೇ ಚರ್ರನೆ ಕಿತ್ತಳು. "ಆವತ್ತು ಕಾರ್ಡು ಕಳೆದದ್ದು ತೆಗೆದದ್ದಕ್ಕಲ್ಲ ಅಪ್ಪ. ಜೇಬಿಗೆ ಹಾಕಿದ್ದಕ್ಕೆ."

ಪುಟ್ಟ ಬಾಗಿಲು ತೆರೆದು ಕಾರ್ಡನ್ನು ಹೊರತೆಗೆದಳು.

ಕಾರ್ಡಿನ ಅಂಚಿನಲ್ಲಿದ್ದ ಪುಟ್ಟ ಚಿಲಕವನ್ನು ಅವಳು ಕೆಳಗೆ ಸರಿಸಿದಳು. "ಇನ್ನು ಕೈತಪ್ಪಿ ಒತ್ತಿದರೂ ಒಂದು ಚಿತ್ರಾನೂ ಅಳಿಸೋಕಾಗಲ್ಲ, ಸರಿನಾ?" ಡ್ರಾಯರಿನ ಮೂಲೆಯಿಂದ ರೀಡರ್ ಹೊರಬಂತು, ಕಾರ್ಡು ಅದರೊಳಗೆ ಕೂತಿತು. ಕಂಪ್ಯೂಟರಿನ ಬೆನ್ನಲ್ಲಿ ನೀಲಿ ಬಾಯಿಯ ಯುಎಸ್‌ಬಿ ಕಿಂಡಿಯೊಂದಿತ್ತು, ಎಲ್ಲಕ್ಕಿಂತ ಚುರುಕಿನದು, ಅಲ್ಲಿಗೇ ಚುಚ್ಚಿದಳು. ಒಂದೊಂದೇ ಚಿತ್ರದ ಮುಖ ತೋರಿಸುವ ಹಳೆಯ ಪ್ರೋಗ್ರಾಮನ್ನು ಮುಚ್ಚಿ, ಚಿತ್ರಗಳ ಫೋಲ್ಡರನ್ನು ಇಡಿಯಾಗಿ ಎಳೆದು ಹಾಕಿದಳು. ಅಪ್ಪನಿಗೆ ಕನ್ನಡಕ ಒರೆಸಿಕೊಳ್ಳಲೂ ಪುರುಸೊತ್ತಾಗಲಿಲ್ಲ, ಚಿತ್ರಗಳೆಲ್ಲ ಬಂದು ಕೂತಿದ್ದವು.

"ಎಲ್ಲಾ ಬಂದ್ವಾ?"

"ಬೇಕಿದ್ರೆ ಎಣಿಸ್ಕೋ. ನಾನು ಪ್ರಿಂಟ್ ಹಾಕ್ತೀನಿ."

ಸಂಜೆ ಗಿರಣಿಯ ಗೇಟಿನಲ್ಲಿ ಕಾವಲುಗಾರ ಅಡ್ಡ ನಿಂತ. "ಒಳಗಿನ ಫೋಟೋ ಹೊರಗೆ ಒಯ್ಯೋ ಹಾಗಿಲ್ಲ." ಹಿರಿಯಳು ತನ್ನ ಚಿತ್ರವನ್ನು ಅವನ ಮೂಗಿಗೆ ಹಿಡಿದಳು: "ಇದು ನನ್ನ ಮುಖ ಕಣಪ್ಪಾ. ಇದನ್ನೂ ಬಿಟ್ಟು ಹೋಗ್ಲಾ?" ಅವನು ಪಕ್ಕಕ್ಕೆ ಸರಿದ. ಹೆಂಗಸರು ಚಿತ್ರಗಳನ್ನು ಎದೆಯ ಮಟ್ಟಕ್ಕೆ ಹಿಡಿದು, ತಲೆ ತಗ್ಗಿಸದೆ, ಸಾಲಾಗಿ ಗೇಟು ದಾಟಿದರು.

ಅವಳು ಅಂಗಡಿಗೆ ಮರಳಿದಾಗ ಅಪ್ಪ ಟೇಪಿನ ಸುರುಳಿ ಹಿಡಿದು ಕೂತಿದ್ದ.

"ಅಂಟಿಸು," ಎಂದಳು ಮೊಂಡಿ. "ನೀನು ಅಂಟಿಸಿದಷ್ಟು ಸಲ ನಾನು ಕೀಳ್ತೀನಿ."

ಅಪ್ಪ ಕ್ಯಾಮೆರಾದ ಕಡೆ ತಿರುಗಲೇ ಇಲ್ಲ. ಹಲ್ಲಿನಿಂದ ಒಂದು ತುಂಡು ಕಚ್ಚಿ ಹರಿದು, ಎದ್ದು ಬಂದು, ಅವಳ ಅಂಗಿಯ ಜೇಬಿಗೆ ಅಡ್ಡಲಾಗಿ ಅಂಟಿಸಿದ.

"ಇದನ್ನ ಕಿತ್ತು ನೋಡು," ಎಂದ.