ಕೋಡು ಬಳ್ಳಾರಿಯಲ್ಲಿ, ಮುಖ ರಾರಾವಿಯಲ್ಲಿ

ಇದನ್ನು ಬರೆಯಬೇಕೆಂದು ನಿವೃತ್ತನಾದ ದಿನದಿಂದ ಅಂದುಕೊಳ್ಳುತ್ತಿದ್ದೇನೆ, ಮುಂದಕ್ಕೆ ಹಾಕುತ್ತಲೇ ಬಂದಿದ್ದೇನೆ. ಮೊದಲು ಹಬ್ಬ ಮುಗಿಯಲಿ ಎಂದೆ, ಆಮೇಲೆ ಕಣ್ಣಿಗೆ ಪೊರೆ ಬಂದಿದೆ ಎಂದೆ. ಪೊರೆ ತೆಗೆಸಿ ಒಂದು ವರ್ಷವಾಯಿತು. ಇನ್ನು ಹೇಳಲು ನೆಪ ಉಳಿದಿಲ್ಲ.

2011ರಲ್ಲಿ ನಾನು ಬಳ್ಳಾರಿಯ ಒಂದು ಚಿಕ್ಕ ಮ್ಯೂಸಿಯಂನಲ್ಲಿ ಅಟೆಂಡರ್ ಆಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಬಾಗಿಲು ತೆರೆಯುವುದು, ಧೂಳು ಒರೆಸುವುದು, ಶಾಲೆಯ ಮಕ್ಕಳು ಬಂದಾಗ ವಿಗ್ರಹಗಳ ಮೇಲೆ ಕೈಯಾಡಿಸದಂತೆ ಕಾಯುವುದು ನನ್ನ ಕೆಲಸ. ಅಕ್ಷರ ದುಂಡಗಿತ್ತೆಂದು ಅಕ್ಸೆಷನ್ ರಿಜಿಸ್ಟರ್ ಬರೆಯುವ ಹೊಣೆಯನ್ನೂ ನನಗೇ ಕೊಟ್ಟಿದ್ದರು. ಮ್ಯೂಸಿಯಂಗೆ ಬಂದ ಪ್ರತಿ ವಸ್ತುವಿನ ನಂಬರ್, ಅಳತೆ, ಸಿಕ್ಕ ಊರು ಅದರಲ್ಲಿ ದಾಖಲಾಗುತ್ತದೆ. ಅಳತೆ ತಪ್ಪಿದರೆ ಮತ್ತೆ ಅಳೆಯಬಹುದು. ಸಿಕ್ಕ ಊರು ತಪ್ಪಿದರೆ ಕಲ್ಲು ಅನಾಥವಾದಂತೆ.

ಆ ಬೇಸಿಗೆಯಲ್ಲಿ ಒಂದೇ ದಿನ ಎರಡು ವೀರಗಲ್ಲುಗಳನ್ನು ತರಲು ನನ್ನನ್ನು ಲಾರಿಯ ಜೊತೆ ಕಳಿಸಿದರು. ಕಾಳಗದಲ್ಲಿ ಸತ್ತವನ ನೆನಪಿಗೆ ನಿಲ್ಲಿಸುವ ಕಲ್ಲು ಅದು. ಸಾಮಾನ್ಯವಾಗಿ ಮೂರು ಅಂತಸ್ತು: ಕೆಳಗೆ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಒಂದು ಕಲ್ಲು ಸಿರುಗುಪ್ಪ ತಾಲ್ಲೂಕಿನ ರಾರಾವಿಯದು, ಇನ್ನೊಂದು ಕುರುಗೋಡಿನದು. ಎರಡೂ ಸುಮಾರು ಎರಡೂವರೆ ಅಡಿ. ಎರಡರಲ್ಲೂ ಕೆಳಗಿನ ಅಂತಸ್ತು ಮುರಿದುಹೋಗಿತ್ತು. ಎರಡೂ ಊರಲ್ಲಿ ಕಲ್ಲನ್ನು ಲಾರಿಗೆ ಏರಿಸುವ ಹೊತ್ತಿಗೆ ನಾನು ಪಂಚಾಯಿತಿ ಆಫೀಸಿನಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುತ್ತಿದ್ದೆ. ಹಮಾಲರೇ ಕಲ್ಲಿನ ಬೆನ್ನಿಗೆ ಸೀಮೆಸುಣ್ಣದಲ್ಲಿ ಊರಿನ ಹೆಸರು ಬರೆದು, ಭತ್ತದ ಹುಲ್ಲು ಸುತ್ತಿ ಮಲಗಿಸಿದ್ದರು.

ನಮ್ಮ ಕೆಲಸದಲ್ಲಿ ಒಂದು ಕಟ್ಟುನಿಟ್ಟಾದ ಕ್ರಮವಿದೆ. ಮೊದಲು ಬರೆಯಬೇಕು, ಆಮೇಲೆ ತೊಳೆಯಬೇಕು. ಮರುದಿನ ಬೆಳಿಗ್ಗೆ ಮ್ಯೂಸಿಯಂ ಉಸ್ತುವಾರಿಯ ಸಾಹೇಬರು ಬರುವಷ್ಟರಲ್ಲಿ ಕಲ್ಲು ಫಳಫಳ ಅನ್ನಬೇಕೆಂಬ ಹುಮ್ಮಸ್ಸಿನಲ್ಲಿ ನಾನು ಮೊದಲು ತೊಳೆದುಬಿಟ್ಟೆ. ತೆಂಗಿನ ನಾರು ಹಿಡಿದು ಉಜ್ಜಿದೆ. ಸೀಮೆಸುಣ್ಣ ಹೋಯಿತು. ರಾರಾವಿಯ ಕಪ್ಪು ಎರೆಮಣ್ಣು, ಕುರುಗೋಡಿನ ಕೆಂಪು ಮಸಾರಿ ಮಣ್ಣು ಒಂದೇ ಗಟಾರದಲ್ಲಿ ಹರಿದುಹೋದವು.

ಸಾಹೇಬರು ಬಂದು, “ಕುರುಗೋಡಿಂದು ಯಾವುದಪ್ಪ?” ಎಂದರು.

ಗೊತ್ತಿಲ್ಲ ಎನ್ನಬಹುದಿತ್ತು. ಬಲಗಡೆಯದನ್ನು ತೋರಿಸಿದೆ. ಹಾಗೆಯೇ ರಿಜಿಸ್ಟರಿನಲ್ಲಿ ದುಂಡಗೆ ಬರೆದೆ. ಬೋರ್ಡೂ ಹಾಗೆಯೇ ಬಂತು.

ಎರಡು ವರ್ಷದ ನಂತರ ಒಬ್ಬ ಅಜ್ಜಿ ಕೈಯಲ್ಲೊಂದು ಸ್ಟೀಲ್ ಡಬ್ಬಿ ಹಿಡಿದು ಬಂದರು. ಊರು ರಾರಾವಿ. ಬಳ್ಳಾರಿಯ ಗಾಂಧಿನಗರದಲ್ಲಿದ್ದ ಮಗಳ ಮನೆಗೆ ಬಂದವರು, ಊರಿನ ಕಲ್ಲು ಎಲ್ಲಿದೆಯೆಂದು ಕೇಳಿಕೊಂಡು ನಡೆದು ಬಂದಿದ್ದರು. ಅವರ ಮನೆಯಲ್ಲಿ ಆಕಳು ಈದಾಗ ಮೊದಲ ಹಾಲಿನ ಗಿಣ್ಣ ಮಾಡಿ ಹೊಲದ ವೀರಗಲ್ಲಿಗೆ ಎಡೆ ಇಡುವ ಪದ್ಧತಿ; ದನ ಉಳಿಸಲು ಹೋಗಿ ಸತ್ತವನಿಗೆ ಮೊದಲ ತುತ್ತು. ‘ರಾರಾವಿ’ ಎಂದು ಬೋರ್ಡಿದ್ದ ಕಲ್ಲನ್ನು ತೋರಿಸಿದೆ. ಅವರು ಅದರತ್ತ ತಿರುಗಿಯೂ ನೋಡದೆ ‘ಕುರುಗೋಡು’ ಎಂದಿದ್ದ ಕಲ್ಲಿನ ಮುಂದೆ ಕೂತರು.

“ಇದ ನೋಡ್ರಿ ನಮ್ಮ ಈರಪ್ಪ.”

“ಅಲ್ಲ ಯವ್ವಾ, ಅದು ಕುರುಗೋಡಿಂದು. ಬೋರ್ಡ್ ಐತಲ್ಲ. ಓದಾಕ ಬರ್ತೈತೇನು ನಿನಗ?”

“ಓದಾಕ ಬರಂಗಿಲ್ಲಪ್ಪ. ನೆಂಟರ ಗುರುತು ಹಿಡಿಯಾಕ ಓದು ಬೇಕೇನು?”

ಆ ದಿನ ನೋಡಲು ಬಂದಿದ್ದ ಶಾಲೆಯ ಮಕ್ಕಳು ಕಿಸಕ್ಕನೆ ನಕ್ಕರು. ನನಗೆ ಮೈ ಉರಿಯಿತು. ಗಿಣ್ಣಕ್ಕೆ ಇರುವೆ ಬರುತ್ತವೆ, ಇದು ಗುಡಿಯಲ್ಲ ಎಂದು ಹೊರಗೆ ಕಳಿಸಿದೆ. ಅಂಗಳದ ಬೇವಿನ ಬುಡದಲ್ಲಿ ಒಂದು ತುಣುಕಿಟ್ಟು, ಕಿಟಕಿಯ ಕಡೆ ಕೈ ಮುಗಿದು ಹೋದರು.

ಆರು ವರ್ಷ ಹೀಗೆ ನಡೆಯಿತು. ಆಕಳು ಈದಾಗಲೆಲ್ಲ ಬರುತ್ತಿದ್ದರು. ಒಮ್ಮೆ ಅವರು ಹೇಳಿದ ಮಾತು ನನ್ನ ನಿದ್ದೆ ಕೆಡಿಸಬೇಕಿತ್ತು. “ಮುರಿದ ತುಂಡು ನಮ್ಮ ಹೊಲದ ಬದುವಿನಾಗ ಹೂತೈತಪ್ಪ. ಆಕಳ ಕೋಡು ನಿಮ್ಮ ಹಂತ್ಯಾಕ ಐತಿ, ಮುಖ ನಮ್ಮ ಹಂತ್ಯಾಕ ಐತಿ. ಕರು ಕತ್ತು ತಿರುಗಿಸಿ ಈರಪ್ಪನ್ನ ನೋಡತೈತಿ. ಒಂದ್ಸಲ ಬಂದು ನೋಡು.” ಸಿರುಗುಪ್ಪದಲ್ಲಿ ಬಸ್ಸು ಬದಲಿಸಿದರೂ ಅರ್ಧ ದಿನದ ದಾರಿಯಷ್ಟೇ. ನಾನು ಹೋಗಲಿಲ್ಲ. ಹೋದರೆ ಏನು ಸಿಗುತ್ತದೆಂಬ ಅಂದಾಜು ನನಗಿತ್ತು, ಅದಕ್ಕೇ ಹೋಗಲಿಲ್ಲ. “ಕತಿ ಚಲೋ ಐತಿ ಬಿಡವ್ವ” ಎಂದು ನಕ್ಕೆ.

2019ರಲ್ಲಿ ಸಾಹೇಬರ ಜಾಗಕ್ಕೆ ಹೊಸ ಕ್ಯುರೇಟರ್ ಮೇಡಂ ಬಂದರು. ಕುರುಗೋಡಿನ ಹಿರಿಯರು ಹಳೆಯ ಕಲ್ಲುಗಳಿಗಾಗಿ ಒಂದು ಕೋಣೆ ಕಟ್ಟಿಸಿದ್ದರು. ಅವರ ವೀರಗಲ್ಲನ್ನು ಅವರಿಗೇ ಕೊಟ್ಟು, ಕಾಂಕ್ರೀಟ್ ಪೀಠದಲ್ಲಿ ಕೂರಿಸುವುದೆಂದು ತೀರ್ಮಾನವಾಯಿತು. ಮುರಿದ ಅಂಚು ಒಮ್ಮೆ ಕಾಂಕ್ರೀಟಿನಲ್ಲಿ ಹೂತುಹೋದರೆ ಅದು ಯಾವ ಊರಿನದೆಂದು ಮುಂದೆ ಯಾರೂ ಪರೀಕ್ಷಿಸಲಾರರು. ನನ್ನ ತಪ್ಪೂ ಅದರೊಳಗೇ ಹೂತುಹೋಗುತ್ತಿತ್ತು. ನಿವೃತ್ತಿಗೆ ಹತ್ತು ತಿಂಗಳಿತ್ತು. ನಿಜ ಹೇಳುತ್ತೇನೆ, ನನಗೆ ಹಾಯೆನಿಸಿತ್ತು.

ಕಲ್ಲಿಗೆ ಗೋಣಿಚೀಲ ಸುತ್ತುತ್ತಿದ್ದ ದಿನವೇ ಅಜ್ಜಿ ಬಂದರು.

“ಎಲ್ಲಿಗೆ ಹೊಂಟಾನ?”

“ಕುರುಗೋಡಿಗೆ. ಅಲ್ಲೇ ಕಾಂಕ್ರೀಟ್ ಹಾಕಿ ನಿಲ್ಲಸ್ತಾರ.”

ಅವರು ಜಗಳ ಮಾಡಲಿಲ್ಲ. ಡಬ್ಬಿಯನ್ನು ನೆಲಕ್ಕಿಟ್ಟು, ಚೀಲದ ಮೇಲೆಯೇ ಕೈಯಾಡಿಸಿದರು. “ಇಷ್ಟು ದಿನ ಊರಿನ ಹೆಸರು ತಪ್ಪಿದ್ರೂ ಕಣ್ಣಿಗೆ ಸಿಗ್ತಿದ್ದ್ಯಲ್ಲ. ಇನ್ನ ಆಕಳು ಈದ್ರ ಯಾರಿಗೆ ಹೇಳ್ಲಿ ಯಪ್ಪಾ?”

ಆ ಪ್ರಶ್ನೆಯನ್ನು ಅವರು ಕೇಳಿದ್ದು ಕಲ್ಲನ್ನು, ನನ್ನನ್ನಲ್ಲ.

ಅವರು ಹೋದ ಮೇಲೆ ಗೋಣಿ ಬಿಚ್ಚಿ, ಕಲ್ಲನ್ನು ವಾಲಿಸಿ, ಮುರಿದ ಅಂಚನ್ನು ಮೊದಲ ಬಾರಿಗೆ ಬೆರಳಿನಿಂದ ಸವರಿದೆ. ಬಳ್ಳಿಯ ಸುಳಿ ಎಂದುಕೊಂಡಿದ್ದ ಎರಡು ಮೊನೆಗಳು ಬೆರಳಿಗೆ ಸಿಕ್ಕವು. ಬಳ್ಳಿಯಲ್ಲ, ಕೋಡುಗಳು.

ಮೇಡಂ ಹತ್ತಿರ ಹೋಗಿ, “ಎರಡು ದಿನ ತಡೀರಿ ಮೇಡಂ, ಒಂದು ಅನುಮಾನ ಐತಿ” ಎಂದೆ. ತೊಳೆದ ವಿಷಯ ಹೇಳಲಿಲ್ಲ. ಕಂದು ಕಾಗದವನ್ನು ಅಂಚಿಗೆ ಒತ್ತಿ, ಪೆನ್ಸಿಲಿನಿಂದ ಕೋಡು, ಏರಿಳಿತವನ್ನೆಲ್ಲ ಗುರುತು ಮಾಡಿ, ಆ ಗೆರೆಯ ಮೇಲೆ ಕತ್ತರಿಸಿದೆ. ಸುರುಳಿ ಸುತ್ತಿ ಮರುದಿನ ಬೆಳಗಿನ ಬಸ್ಸು ಹತ್ತಿದೆ.

ಅಜ್ಜಿ ನನ್ನನ್ನು ಹೊಲಕ್ಕೆ ಕರೆದೊಯ್ದರು. ನಾಟಿ ಮಾಡುತ್ತಿದ್ದ ಹೆಂಗಸರು ಸೊಂಟ ನೀವಿಕೊಳ್ಳುತ್ತಾ ಎದ್ದು ನಿಂತರು. ಬದುವಿನ ಮಣ್ಣು ಸರಿಸಿ ಅಜ್ಜಿ ಬಿಂದಿಗೆ ನೀರು ಸುರಿದರು. ಕಲ್ಲಿನ ಮೋಟು ಕಾಣಿಸಿತು. ಆಕಳ ಮುಖವಿತ್ತು, ತಲೆಯ ಮೇಲೆ ಕೋಡಿರಲಿಲ್ಲ. ಪಕ್ಕದಲ್ಲಿ ಕತ್ತು ತಿರುಗಿಸಿದ ಕರು.

ಕಾಗದವನ್ನು ಅಂಚಿನ ಮೇಲೆ ಇಳಿಸಿದೆ. ಏರಿಗೆ ತಗ್ಗು, ತಗ್ಗಿಗೆ ಏರು, ಒಂದು ಕೂದಲಷ್ಟೂ ಸಂದಿಲ್ಲದೆ ಕೂತಿತು.

“ಕುಂತೈತಲೇ! ಕುಂತೈತಿ!” ಎಂದು ಒಬ್ಬ ಹೆಂಗಸು ಕೂಗಿದಳು. ಕೆಸರುಗಾಲಲ್ಲೇ ಎಲ್ಲರೂ ಬದುವಿಗೆ ಓಡಿ ಬಂದರು. ಇನ್ನೊಬ್ಬಾಕೆ, “ಕಾಗದದ ಕೋಡು ಹಾಕ್ಕೊಂಡು ಆಕಳು ಮದಿವಿಗೆ ಹೊಂಟಂಗ ಐತಿ” ಎಂದಳು. ಅಜ್ಜಿ ಮಾತ್ರ ಸೆರಗಿನಿಂದ ಕರುವಿನ ಮುಖ ಒರೆಸುತ್ತಿದ್ದರು.

ಮೇಡಂ ಮರುದಿನವೇ ಬಂದು ಅಳತೆ ತೆಗೆದರು, ಫೋಟೋ ಹಿಡಿದರು. ಆಮೇಲೆ ‘ರಾರಾವಿ’ ಎಂದಿದ್ದ ಕಲ್ಲನ್ನು ಕುರುಗೋಡಿನ ಹಿರಿಯರಿಗೆ ತೋರಿಸಿದಾಗ, ತಮ್ಮೂರಿನವರು ಅದರ ಮೇಲೆ ಕತ್ತಿ ಮಸೆದ ಹಳೆಯ ಗೀರುಗಳನ್ನು ನೋಡಿ “ಹೌದ್ರಿ, ಇದ ನಮ್ಮದು” ಎಂದು ಗುರುತು ಹಿಡಿದರು. ಒಂದೇ ವಾರದಲ್ಲಿ ಎರಡು ಊರಿಗೂ ಅವರವರ ವೀರ ಸಿಕ್ಕಿದ್ದ.

ಅನುಮತಿ ಪಡೆದು, ರಾರಾವಿಯ ಕಲ್ಲನ್ನು ಮೂಲ ಜಾಗದಲ್ಲೇ ಜೋಡಿಸುವುದೆಂದಾಯಿತು. ಎರಡು ತುಂಡುಗಳಿಗೂ ರಂಧ್ರ ಕೊರೆದು ನಡುವೆ ತುಕ್ಕು ಹಿಡಿಯದ ಉಕ್ಕಿನ ಸರಳು ಕೂರಿಸಿದರು. ಚೈನ್ ಪುಲ್ಲಿ ಅಂಗುಲ ಅಂಗುಲವಾಗಿ ಕಲ್ಲನ್ನು ಇಳಿಸುತ್ತಿದ್ದಾಗ ಇಡೀ ಊರು ಬದುವಿನ ಸುತ್ತ ನೆರೆದಿತ್ತು. ಕೋಡು ತಲೆಯ ಮೇಲೆ ಕೂತಾಗ ಎದ್ದ ಕೇಕೆಗೆ ಗದ್ದೆಯ ಕೊಕ್ಕರೆಗಳೆಲ್ಲ ಒಟ್ಟಿಗೆ ಹಾರಿದವು. ಮೂವತ್ತೊಂದು ವರ್ಷದ ನನ್ನ ನೌಕರಿಯಲ್ಲಿ ಅಂಥ ಸದ್ದನ್ನು ಇನ್ನೊಮ್ಮೆ ಕೇಳಲಿಲ್ಲ.

ಅಲ್ಲೇ ನನಗೆ ಶಾಲು ಹೊದಿಸಿದರು. ಎಂಟು ವರ್ಷ ಯಾರ ಕಣ್ಣಿಗೂ ಬೀಳದ್ದನ್ನು ಕಂಡುಹಿಡಿದ ಸೂಕ್ಷ್ಮದೃಷ್ಟಿಯ ನೌಕರ ಎಂದು ಹೊಗಳಿದರು. ಮೇಡಂ ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದು ಎಲ್ಲವನ್ನೂ ತೆಗೆದುಕೊಂಡೆ. ಕಂಡುಹಿಡಿದವರು ಮುಂದಿನ ಸಾಲಿನ ಚಾಪೆಯ ಮೇಲೆ ಡಬ್ಬಿ ಹಿಡಿದು ಕೂತಿದ್ದರು.

ಕಲ್ಲಿಗೆ ಎಡೆ ಇಟ್ಟ ಮೇಲೆ ಅಜ್ಜಿ ನನ್ನ ಬಳಿ ಬಂದರು. “ತಗೋ, ತಿನ್ನು. ಇಲ್ಲಿ ಇರುವೆ ಬಂದ್ರ ಯಾರೂ ಬೈಯಂಗಿಲ್ಲ.” ನಗುತ್ತಲೇ ಹೇಳಿದರು. ನಾನೂ ನಕ್ಕು ತಿಂದೆ. ಏಲಕ್ಕಿ ಹಾಕಿದ ಗಿಣ್ಣ. ತಪ್ಪಾಯಿತು ಎನ್ನುವ ಮಾತು ನಾಲಿಗೆಯ ಮೇಲಿತ್ತು. ಅದನ್ನೂ ಗಿಣ್ಣದ ಜೊತೆ ನುಂಗಿದೆ. ಮುಂದಿನ ಸಲ ಹೇಳಿದರಾಯಿತು ಎಂದುಕೊಂಡೆ. ಮುಂದಿನ ಸಲ ನಾನು ರಾರಾವಿಗೆ ಹೋದಾಗ ಅವರು ತೀರಿಕೊಂಡು ಮೂರು ತಿಂಗಳಾಗಿತ್ತು. ಸೊಸೆ ಆಕಳು ಕಟ್ಟುತ್ತಿದ್ದಳು. ಕಲ್ಲಿನ ಮುಂದೆ ಎಡೆಯ ಎಲೆ ಇನ್ನೂ ಹಸಿಯಾಗಿತ್ತು.

ಮೊದಲು ಬರೆಯಬೇಕು, ಆಮೇಲೆ ತೊಳೆಯಬೇಕು ಎಂದು ಕೆಲಸ ನನಗೆ ಕಲಿಸಿತ್ತು. ಬರೆಯುವುದಕ್ಕೂ ಮೊದಲು ಕೇಳಬೇಕು ಎಂಬುದನ್ನು ಆ ಅಜ್ಜಿ ಕಲಿಸಿದರು. ಆರು ವರ್ಷ ಬಂದುಹೋದರೂ ನಾನು ಅವರ ಹೆಸರು ಕೇಳಿರಲಿಲ್ಲ. ನಮ್ಮ ಸಂದರ್ಶಕರ ಪುಸ್ತಕದಲ್ಲೂ ಅದಿಲ್ಲ. ಅವರಿಗೆ ಬರೆಯಲು ಬರುತ್ತಿರಲಿಲ್ಲ, ಬರೆಯಬಲ್ಲ ನಾನು ಬರೆಯಲಿಲ್ಲ. ಆ ದಿನ ಸೊಸೆಯನ್ನು ಕೇಳಿ ತಿಳಿದುಕೊಂಡೆ. ಈಗ ಬರೆಯುತ್ತಿದ್ದೇನೆ, ದುಂಡಗೆ: ರಾರಾವಿಯ ಹಂಪಮ್ಮ.