ಅರ ಜಾರಿದರೆ ಸಾಕು

ರಾಯಚೂರಿನ ನಮ್ಮ ಅಕ್ಕಿ ಗಿರಣಿಗೆ ಉಳಿಗಳನ್ನು ಮಾಡಿಕೊಡುತ್ತಿದ್ದ ಕಮ್ಮಾರನ ಕುಲುಮೆ ಮಾನ್ವಿ ರಸ್ತೆಯಲ್ಲಿತ್ತು. ಅವನು ಉಕ್ಕನ್ನು ಕೆಂಪಗೆ ಕಾಯಿಸಿ, ನೀರಿಗೆ ಅದ್ದಿ, ಹಬೆ ಅಡಗುವ ಮೊದಲೇ, ಗಡಸಾಗಿದೆಯೇ ಎಂದು ನೋಡಲು, ಅದರ ಮೇಲೆ ಲೋಹ ಉಜ್ಜುವ ಅರ ಎಳೆಯುತ್ತಿದ್ದ. ಅರ ಕಚ್ಚದೆ ಜಾರಿದರೆ ಮೀಸೆಯಡಿ ನಗುತ್ತಿದ್ದ. “ಜಾರಿತೇನು? ಮುಗೀತು, ಒಯ್ರಿ.”

ಹಾಗೆ ದಿಢೀರನೆ ತಣಿಸಿದ ಉಕ್ಕಿನ ಒಳಗಿನ ಹರಳುಗಳು ಬೇರೆ ರೂಪಕ್ಕೆ ತಿರುಗಿ ಸೆಟೆದುಕೊಳ್ಳುತ್ತವೆ. ಉಕ್ಕು ಗಡಸಾಗುತ್ತದೆ, ಗಾಜಿನಂತೆ ಸಿಡಿಯಲೂಬಹುದು. ಇನ್ನೊಮ್ಮೆ ಹದವಾಗಿ ಕಾಯಿಸಿದರೆ ಆ ಬಿಗಿತ ಸಡಿಲುತ್ತದೆ. ಗಿರಣಿಯ ಎಂಜಿನಿಯರ್ ಆಗಿದ್ದ ನಾನು ಇದನ್ನು ಹೇಳಿದಾಗಲೆಲ್ಲ ಅವನು ಕೂತಿದ್ದ ಗಿರಾಕಿಗಳ ಕಡೆ ತಿರುಗುತ್ತಿದ್ದ.

“ಕೇಳ್ರಪ್ಪಾ, ಸಾಹೇಬ್ರ ಕಾಲೇಜಿನಾಗ ಕಬ್ಬಿಣಕ್ಕ ಜ್ವರ ಇಳಸೋದೂ ಕಲಿಸ್ತಾರಂತ! ಮತ್ತ ಕಾಸಿದ್ರ ಮೆತ್ತಗ ಆಗ್ತದರೀ. ನನ್ನ ಹೆಸರು ಮಣ್ಣಾಗ್ತದ.”

ಒಂದು ದಿನ ಸಿಕ್ಕಿಕೊಂಡ ಬೋಲ್ಟನ್ನು ಕತ್ತರಿಸಲು ನಮ್ಮ ಫಿಟ್ಟರ್ ಆ ಕಮ್ಮಾರ ಮಾಡಿದ ಹೊಸ ಉಳಿಯಿಟ್ಟು ಸುತ್ತಿಗೆ ಬೀಸಿದ. ನಾನು ಬ್ಯಾಟರಿ ಬೆಳಕು ಹಿಡಿದಿದ್ದೆ. ಟಣ್ ಎಂದಿತು. ಒಂದು ಚೂರು ನನ್ನ ಕಿವಿ ಸವರಿಕೊಂಡು ಹೋಯಿತು. ಇನ್ನೊಂದು ಫಿಟ್ಟರನ ಬಲಗಣ್ಣಿನಲ್ಲಿತ್ತು. ಈಗಲೂ ತಟ್ಟೆಗೆ ಚಮಚ ತಾಗಿದರೆ ನನ್ನ ತಲೆ ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೆ.

ಫಿಟ್ಟರನ ಆ ಕಣ್ಣು ಹೋಯಿತು. ಆಸ್ಪತ್ರೆಯಿಂದ ನೇರವಾಗಿ ಹೋಗಿ, ಮುರಿದ ಉಳಿಯನ್ನು ಕಮ್ಮಾರನ ಮುಂದಿಟ್ಟು, ನಡೆದದ್ದನ್ನು ಹೇಳಿದೆ. ಅವನು ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದ. ಆಮೇಲೆ ಅರ ತೆಗೆದು, ಒಡೆದ ಅಂಚಿನ ಪಕ್ಕದಲ್ಲಿ ಎಳೆದ.

“ನೋಡ್ರಿ,” ಎಂದ. “ಇನ್ನೂ ಜಾರಾಕತ್ತದ.”