ಮಮದಾಪುರದ ಬಸ್ಸಿನಲ್ಲಿ ಕಲಿತ ‘ಗಿವ್ ಅಪ್’

ಇವತ್ತು ಬಬಲೇಶ್ವರದ ನಮ್ಮ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ರೇಣುಕಾ ತನ್ನ ಇಂಗ್ಲಿಷ್ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, “ಟೀಚರ್, ನನ್ನ ಕೈಲೇ ಆಗೂದಿಲ್ಲರಿ, ಬಿಡ್ತೇನ್ರಿ” ಎಂದಳು. ಪುಸ್ತಕದಿಂದ ಶೇಂಗಾ ಚಟ್ನಿಯ ವಾಸನೆ ಬಂತು. ನನ್ನ ಹಳೆಯ ನೋಟ್‌ಬುಕ್ಕಿಗೂ ಇದೇ ವಾಸನೆಯಿತ್ತು. ಊಟದ ಡಬ್ಬಿಗೂ ಇಂಗ್ಲಿಷಿಗೂ ನನ್ನಲ್ಲಿದ್ದದ್ದು ಒಂದೇ ಚೀಲ.

ಆ ನೋಟ್‌ಬುಕ್ಕಿನ ದಿನಗಳಲ್ಲಿ ನಾನು ಬಿ.ಎ. ಇಂಗ್ಲಿಷಿನಲ್ಲಿ ಎರಡು ಸಲ ನಪಾಸಾಗಿದ್ದೆ. ಮೂರನೆಯ ಸಲವೂ ಹೋದರೆ ಓದು ಮುಗಿಯಿತು ಎಂದು ಅಪ್ಪ ಹೇಳಿಬಿಟ್ಟಿದ್ದ. ಮಮದಾಪುರದಿಂದ ವಿಜಯಪುರಕ್ಕೆ, ಗೋಳಗುಮ್ಮಟದ ಹತ್ತಿರದ ಓಣಿಯೊಂದಕ್ಕೆ ಟ್ಯೂಷನ್ನಿಗೆ ಹೋಗುತ್ತಿದ್ದೆ. ಒಂದು ದಿನ ಸರ್ ‘ಗಿವ್ ಅಪ್’ ಎಂಬುದಕ್ಕೆ ಅರ್ಥ ಬರೆಸಿದರು: ಚಟ ಬಿಡುವುದು, ಸೀಟು ಬಿಟ್ಟುಕೊಡುವುದು, ಸೋತೆನೆಂದು ಕೈಚೆಲ್ಲುವುದು. ನನಗೆ ಸಿಟ್ಟು ಬಂತು. ಇಷ್ಟಕ್ಕೆಲ್ಲ ಎರಡೇ ಪದ ಸಾಕೆನ್ನುವ ಜಿಪುಣ ಭಾಷೆಗೆ ನಾನು ಎರಡು ಸಲ ಸೋತಿದ್ದೆನಲ್ಲ!

ಮರಳುವ ಬಸ್ಸಿನ ರೀತಿ ನಿಮಗೂ ಗೊತ್ತಿರಬೇಕು. ಕಿಟಕಿಯಿಂದ ಟವೆಲ್ ಒಗೆದರೆ ಸೀಟು ನಮ್ಮದು. ನನ್ನ ಬಳಿ ಟವೆಲ್ ಇರಲಿಲ್ಲ, ನೋಟ್‌ಬುಕ್ ಒಗೆದೆ. ಹತ್ತಿ ನೋಡಿದರೆ ದಪ್ಪ ಮೀಸೆಯವರೊಬ್ಬರು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ.

“ಟಾವೆಲ್ ಹಾಕಿದ್ರ ಏಳ್ತಿದ್ದೆ ತಂಗಿ. ವಹಿಗೆಲ್ಲಾ ಯಾರ್ ಸೀಟ್ ಬಿಡ್ತಾರ?”

“ಓದಾಕ ಹೋಗೂ ಮಂದಿ ವಹೀನ ತರ್ತಾರ್ರಿ ಕಾಕಾ. ಏಳ್ರಿ.”

ಇಡೀ ಬಸ್ಸು ನಕ್ಕಿತು. ನಾನು ಕದಲಲಿಲ್ಲ. ಕೊನೆಗೆ ಅವರೇ ಎದ್ದರು.

ಠೀವಿಯಿಂದ ಕೂತು ಎರಡು ನಿಮಿಷವಾಗಿರಲಿಲ್ಲ, ಮುದುಕಿಯೊಬ್ಬಳು ಆಡಿನ ಮರಿ ಅವುಚಿಕೊಂಡು ಹತ್ತಿದಳು. ನಾನೆದ್ದು ಅವಳನ್ನು ಕೂಡಿಸಿದೆ.

“ಕಡೀಕ ಬಿಟ್ಟಿ ನೋಡು!” ಎಂದು ಮೀಸೆಯ ಕಾಕಾ ನಕ್ಕರು.

“ಬಿಟ್ಟಿಲ್ರಿ, ಕೊಟ್ಟೇನಿ” ಎಂದೆ.

ಊರು ಬರುವವರೆಗೂ ನಿಂತೇ ಇದ್ದೆ. ಸರ್ ಬರೆಸಿದ ಎರಡನೆಯ ಅರ್ಥಕ್ಕೂ ಮೂರನೆಯದಕ್ಕೂ ಎಷ್ಟು ದೂರವೆಂದು ಆಗ ತಿಳಿಯಿತು. ಎರಡನೆಯದನ್ನು ಮನಸಾರೆ ಮಾಡಿದ್ದೆ. ಮೂರನೆಯದನ್ನು ಮಾಡುವವಳಲ್ಲ ನಾನು. ಮನೆಗೆ ಹೋದವಳೇ ಅಪ್ಪನಿಗೆ ಹೇಳಿದೆ: “ಮೂರನೇ ಸಲಾನೂ ನಪಾಸಾದ್ರ ನಾಲ್ಕನೇ ಸಲ ಕೂಡ್ತೇನಿ. ನೀ ಏನರೆ ಅನ್ನು.” ಪಾಸಾಗಿದ್ದು ನಾಲ್ಕನೆಯ ಸಲವೇ.

ಇದನ್ನು ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಇಂಗ್ಲಿಷ್ ಟೀಚರ್ ಎಂಬ ಮರ್ಯಾದೆ ಹೋದೀತೆಂಬ ಹೆದರಿಕೆ. ಇವತ್ತು ರೇಣುಕಾಳಿಗೆ ಎಲ್ಲ ಹೇಳಿದೆ.

“ನೀವು ಮೂರು ಸಲ ನಪಾಸಾಗೀರೇನ್ರಿ?” ಅವಳು ಕಣ್ಣರಳಿಸಿದಳು.

“ಮೂರು ಸಲ. ಹೋಗು, ಇಡೀ ಶಾಲೆಗೆ ಹೇಳು.”

ಅವಳು ಹೋದಳು. ಮೇಜಿನ ಮೇಲೆ ಪುಸ್ತಕ ಇರಲಿಲ್ಲ.